ಜನವರಿಯನ್ನೂ ತೋರಿಸಿದವರು

ಬಾಯಮ್ಮನ ಎಡಗಿವಿಯ ಮೇಲಂಚು ಒಂದಿಷ್ಟು ಇರಲಿಲ್ಲ. ಇಲಿ ಕಚ್ಚಿದ ಚಪಾತಿಯ ಹಾಗೆ ಎಂದು ಅವರೇ ನಗುತ್ತಿದ್ದರು. ಅವರು ಹಿಂದೆ ಇದ್ದ ಕೆನಡಾದ ಸಸ್ಕ್ಯಾಚೆವಾನ್ ಎಂಬ ಬಯಲು ಪ್ರಾಂತ್ಯದಲ್ಲಿ ಟೋಪಿ ಮರೆತು ಬಸ್ಸಿಗೆ ಕಾಯುತ್ತಾ ನಿಂತ ಒಂದು ಬೆಳಿಗ್ಗೆ ಚಳಿ ಅದನ್ನು ತಿಂದಿತ್ತು. ಅಲ್ಲಿಗೆ ಹೋಗುವವರು ಯಾರೇ ವಿಚಾರಿಸಲು ಬರಲಿ, ಮೊದಲು ಕೂದಲು ಸರಿಸಿ ಆ ಕಿವಿ ತೋರಿಸುತ್ತಿದ್ದರು. ನದಿ, ಸೇತುವೆ, ಕೆರೆಗಳ ಮಾತು ಆಮೇಲೆ.

ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಮೇಲಿನ ಮನೆಯಲ್ಲಿ ತಂಗಿಯ ಸಂಸಾರದೊಡನೆ ಅವರಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೆಲಸ. ತುಳುವರಾದ ನಾವು ಊರಿನ ರೂಢಿಯಂತೆ ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಶುಕ್ರವಾರ ಅವರು ಚರ್ಚಿನಿಂದ ಬರುವಷ್ಟರಲ್ಲಿ ಬಾಗಿಲಾಚೆ ಚಪ್ಪಲಿಗಳು ಸೇರಿರುತ್ತಿದ್ದವು. ಕೆನಡಾಕ್ಕೆ ಹೊರಟವರು, ಮಕ್ಕಳನ್ನು ನೋಡಲು ಹೋಗುವವರು, ಸುಮ್ಮನೆ ಆಸೆಯಿದ್ದವರು. ಎಲ್ಲರಿಗೂ ಚಹಾ, ಜೊತೆಗೆ ಬಾಯಮ್ಮನ ಪಾಠ.

"ರೆಜೈನಾ ರಾಜಧಾನಿ. ರೆಜಿನಾ ಅಲ್ಲ, ರೆಜೈನಾ. ನೆಲ ದೋಸೆಕಲ್ಲಿನ ಹಾಗೆ ಚಪ್ಪಟೆ. ಕೆರೆಯೂ ಮನುಷ್ಯರೇ ಮಾಡಿದ್ದು, ಮರವೂ ಅವರೇ ನೆಟ್ಟದ್ದು. ಸಸ್ಕಟೂನಿಗೆ ದೇವರೇ ನದಿ ಕೊಟ್ಟಿದ್ದಾನೆ. ಮೂಸ್ ಜಾ ಸಣ್ಣ ಊರು. ಹೆಸರು ಕೇಳಿ ನಗ್ಬೇಡಿ, ನಿಮ್ಮ ಕಾರು ಹಿಮದಲ್ಲಿ ಹೂತ್ರೆ ಅಲ್ಲಿನ ಜನ ಕೇಳದೇ ಬಂದು ತಳ್ತಾರೆ."

ಒಮ್ಮೆ ಕೆನಡಾಕ್ಕೆ ಜನ ಕಳಿಸುವ ಏಜೆಂಟನೊಬ್ಬ ಹೋಟೆಲಿನ ಹಾಲ್‌ನಲ್ಲಿ ಸಭೆ ಕರೆದಿದ್ದ. ಪರದೆಯ ತುಂಬ ಹಳದಿ ಹೂವಿನ ಹೊಲ, ನೀಲಿ ಆಕಾಶ. ಹಿಂದಿನ ಸಾಲಿನಿಂದ ಬಾಯಮ್ಮ ಎದ್ದು, "ಜನವರಿಯ ಫೋಟೋ ತರ್ಲಿಲ್ವಾ?" ಎಂದರು. ಹಾಲ್ ನಕ್ಕಿತು. ಆತ ಮಾತ್ರ ನಗಲಿಲ್ಲ.

ನನ್ನ ಗಂಡನ ಕಂಪನಿ ಮುಚ್ಚಿದಾಗ ನಾನು ಅವರನ್ನು ಸರಿಯಾಗಿ ಅರಿತೆ. ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದರೆ ಕುವೈತಿನಲ್ಲಿ ಇರುವಂತಿಲ್ಲ. ಇವರಿಗೆ ಸಸ್ಕಟೂನಿನಲ್ಲಿ ಕೆಲಸ ಸಿಕ್ಕಿತ್ತು. ನಾನು ಬರುವುದಿಲ್ಲ ಎಂದು ಹಟ ಹಿಡಿದಿದ್ದೆ. ಎಸಿ ಜೋರಾದರೆ ಶಾಲು ಹೊದೆಯುವವಳು ನಾನು. ಮಗಳನ್ನು ಕರೆದುಕೊಂಡು ಉಡುಪಿಗೆ ಹೋಗುತ್ತೇನೆ, ನೀವು ಒಬ್ಬರೇ ಹೋಗಿ ಎಂದುಬಿಟ್ಟೆ. ಮನೆಯಲ್ಲಿ ಮಾತು ನಿಂತಿತು.

ಬಾಯಮ್ಮನಿಗೆ ಹೇಗೆ ತಿಳಿಯಿತೋ. ಜುಲೈಯ ಒಂದು ಮಧ್ಯಾಹ್ನ ದಪ್ಪ ಜಾಕೆಟ್ ಹಿಡಿದು ಬಂದು, "ಯಲ್ಲಾ, ನಡಿ" ಎಂದರು. ಸಬ್ಹಾನಿನ ಗೋದಾಮುಗಳ ನಡುವೆ, ಅವರ ತಂಗಿಯ ಗಂಡ ಮೇಲ್ವಿಚಾರಕನಾಗಿದ್ದ ಮೀನಿನ ಕೋಲ್ಡ್ ಸ್ಟೋರೇಜಿಗೆ ಕರೆದೊಯ್ದರು. ಹೊರಗೆ ಡಾಂಬರು ಕರಗುವ ಬಿಸಿಲು. ಒಳಗೆ ಕಾಲಿಟ್ಟು ಉಸಿರೆಳೆದರೆ ಮೂಗಿನ ಕೂದಲು ಚುರುಕ್ಕೆಂದು ಅಂಟಿಕೊಂಡಿತು. ಬಾಯಮ್ಮ ನನ್ನ ಕೈ ಬಿಡದೆ ಪೆಟ್ಟಿಗೆಗಳ ಸಾಲಿನ ತುದಿಯವರೆಗೆ ನಡೆಸಿ ಮರಳಿ ಕರೆತಂದರು.

"ಸತ್ತು ಹೋದ್ಯಾ?"

"ಇಲ್ಲ," ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು.

"ಹಾಗಾದ್ರೆ ಖಲಾಸ್. ಅಲ್ಲಿಯ ಜನವರಿ ಇಷ್ಟೇ ಮಾರಾಯ್ತಿ. ಗಾಳಿ ಒಂದು ಜಾಸ್ತಿ, ಅದನ್ನು ಇಲ್ಲಿಗೆ ತರ್ಲಿಕ್ಕೆ ನನ್ನಿಂದ ಆಗುದಿಲ್ಲ."

ನನಗೆ ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು. ಸಂಜೆ ಇವರಿಗೆ ಹೇಳಿದೆ, ಮೂವರೂ ಹೋಗೋಣ ಎಂದು.

ಹೊರಡುವ ದಿನ ಮೆಟ್ಟಿಲ ಬಳಿ ಕೇಳಿಯೇ ಬಿಟ್ಟೆ: "ಅಷ್ಟು ಒಳ್ಳೆಯ ಊರಾದ್ರೆ ನೀವು ಯಾಕೆ ಬಿಟ್ಟು ಬಂದ್ರಿ ಬಾಯಮ್ಮ?"

"ನನ್ನವರು ರೆಜೈನಾದ ಮಣ್ಣಲ್ಲಿ ಇದ್ದಾರೆ ಮಗಾ. ಹಾರ್ಟು. ಆಮೇಲೆ ಆ ಮನೆಯಲ್ಲಿ ಒಬ್ಬಳೇ ಇರ್ಲಿಕ್ಕೆ ಆಗ್ಲಿಲ್ಲ, ತಂಗಿ ಹತ್ರ ಬಂದೆ. ಊರು ನಂಗೆ ಏನೂ ಅನ್ಯಾಯ ಮಾಡ್ಲಿಲ್ಲ. ಅದರ ಮೇಲೆ ಸಿಟ್ಟು ಮಾಡುದು ಹೇಗೆ?"

ಪ್ರತಿ ಶುಕ್ರವಾರ ನಗುನಗುತ್ತಾ ಅವರು ನಮ್ಮನ್ನು ಕರೆದೊಯ್ಯುತ್ತಿದ್ದದ್ದು ಆ ಊರಿಗೇ. ಗಂಡನ ಸಮಾಧಿಗೆ ಹೋಗಿ ಬನ್ನಿ ಎಂದು ಅವರು ಕೇಳಲಿಲ್ಲ. ಮೊದಲ ಬೇಸಿಗೆಯಲ್ಲೇ ಸಸ್ಕಟೂನಿನಿಂದ ಹೋಗಿ ಹುಡುಕಿ ಹೂವಿಟ್ಟು ಬಂದೆವು. ಮತ್ತೆ ಒಂದು ವರ್ಷವೂ ತಪ್ಪಿಸಲಿಲ್ಲ. ಫೋಟೋ ಕಳಿಸಿದರೆ ಬಾಯಮ್ಮ, "ಹುಲ್ಲು ಚೆನ್ನಾಗಿ ಕತ್ತರಿಸಿದ್ದಾರೆ" ಎಂದಷ್ಟೇ ಬರೆಯುತ್ತಿದ್ದರು.

ಕಳೆದ ಚಳಿಗಾಲ ಅವರು ಕುವೈತಿನಲ್ಲೇ ತೀರಿಕೊಂಡರು. ತಂಗಿಯ ಫೋನ್ ಬಂದ ವಾರ ನಾವು ರೆಜೈನಾಕ್ಕೆ ಹೋದೆವು. ಇವರು ಕೈಯಿಂದ ಸಮಾಧಿಕಲ್ಲಿನ ಮೇಲಿನ ಹಿಮ ಸರಿಸಿದರು. ನನಗೆ ಕೊಂಕಣಿ ಬಾರದು. ನಮ್ಮ ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವಂತೆ ಕರೆದು, ಬರುವ ಮಾತಿನಲ್ಲೇ ಹೇಳಿದೆ:

"ಪೊರ್ಬುಗಳೇ, ಬಾಯಮ್ಮ ಹೋದ್ರು. ಒಬ್ರೇ ಇರ್ಲಿಲ್ಲ. ತಂಗಿ ಹತ್ರವೇ ಇದ್ರು, ಕೈ ಹಿಡ್ಕೊಂಡು."