ಕೆಳಗಿನ ಮನೆಯಕ್ಕನ ಕ್ಯಾಸೆಟ್ಟು

ಅಟ್ಟ ಖಾಲಿ ಮಾಡುವಾಗ ಹಳೇ ಕಂಪ್ಯೂಟರಿನ ಡಬ್ಬ ಸಿಕ್ಕಿತು. ಬಿಚ್ಚಿ ನೋಡಿದೆ. ಧೂಳು, ಒಂದು ಸತ್ತ ಜಿರಲೆ, ನಡುವೆ ಅಂಗೈಯಗಲದ ಹಸಿರು ಕಾರ್ಡು. ಅದರ ಅಂಚಿನಲ್ಲಿ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ತೂತು. ಮೂಗಿನ ಹತ್ತಿರ ಹಿಡಿದರೆ ಬಿಸಿಯಾದ ಧೂಳಿನ ಆ ವಾಸನೆ ಇನ್ನೂ ಇತ್ತು... ಅಥವಾ ನನಗೆ ಹಾಗನ್ನಿಸಿತೋ ಏನೋ. ಗುಜರಿಯವನು ಕೆಳಗಿನಿಂದ ಕೂಗುತ್ತಲೇ ಇದ್ದ. ನಾನು ಏಣಿಯ ಮೇಲೆಯೇ ಕೂತುಬಿಟ್ಟೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಜೋಗುಪಾಳ್ಯದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೆ. ಹಲಸೂರಿನಲ್ಲಿ ಕಂಪ್ಯೂಟರ್ ಕ್ಲಾಸ್ ತೆಗೆದುಕೊಳ್ಳುತ್ತಿದ್ದೆ. ವಿಸಿಆರಿನಲ್ಲಿ ಓಡುವ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಇಳಿಸುವಾಗಲೇ ಹಿಂಡಿ ಚಿಕ್ಕದು ಮಾಡುವ ಈ ಕಾರ್ಡನ್ನು ಆಸೆಪಟ್ಟು ತಂದಿದ್ದೆ. ಬೀದಿಯವರ ಮದುವೆ, ನಾಮಕರಣದ ಕ್ಯಾಸೆಟ್ಟುಗಳನ್ನೆಲ್ಲ ಸೀಡಿ ಮಾಡಿಕೊಟ್ಟು ಹೆಸರು ತೆಗೆದುಕೊಂಡಿದ್ದೆ.

ಕೆಳಗಿನ ಮನೆಯಲ್ಲಿ ಅಕ್ಕ ಒಬ್ಬರೇ ಇದ್ದರು. ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಆತನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಶಿವಾಜಿನಗರದ ಫರ್ನಿಚರ್ ಅಂಗಡಿಯೊಂದರಲ್ಲಿ ಪಾಲಿಶ್ ಕೆಲಸ. ಬೆರಳುಗಳು ಸದಾ ಕಂದು. ಶಾಲೆಗೆ ಹೋದವರಲ್ಲ, ಹಾಗಾಗಿ ಶಾಲೆಯಲ್ಲಿ ಕಲಿಸುವ ಕೈಭಾಷೆ ಅವರದಲ್ಲ. ಮದುವೆಯಾದ ಮೇಲೆ ಗಂಡ ಹೆಂಡತಿ ತಾವಿಬ್ಬರೇ ಸೇರಿ ಒಂದನ್ನು ಕಟ್ಟಿಕೊಂಡಿದ್ದರು. ಮಕ್ಕಳಿರಲಿಲ್ಲ. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಇಬ್ಬರೂ ಕೈಯಲ್ಲೇ ಹರಟುತ್ತಿದ್ದರು. ಅಕ್ಕ ಇದ್ದಕ್ಕಿದ್ದಂತೆ ಜೋರಾಗಿ ನಗುತ್ತಿದ್ದರು. ಮೇಲೆ ನಿಂತು ನೋಡುತ್ತಿದ್ದೆ. ಏನು ವಿಷಯ ಅಂತ ಒಂದು ದಿನವೂ ಕೇಳಲಿಲ್ಲ.

ಒಂದು ಭಾನುವಾರ ಅಕ್ಕ ಟವೆಲಿನಲ್ಲಿ ಸುತ್ತಿದ ಕ್ಯಾಸೆಟ್ಟು ಹಿಡಿದು ಬಂದರು.

"ನನ್ನ ತಮ್ಮ ದುಬೈಯಿಂದ ಕ್ಯಾಮೆರಾ ತಂದಿದ್ನಲ್ಲ, ಆಗ ತೆಗ್ದಿದ್ದು ಮಾ. ನಮ್ಮ ಮದುವೆ ಹೆಂಗಾಯ್ತು ಅಂತ ಇವ್ರೇ ಕೂತ್ಕೊಂಡು ಹೇಳಿದ್ದಾರೆ. ಒಂದೇ ಸಲ ನೋಡಿದ್ದು ನಾನು. ಅವ್ರೇ ಪಕ್ಕದಲ್ಲಿದ್ರಲ್ಲ, ಟೀವಿ ಯಾರು ನೋಡ್ತಾರೆ?"

ಬೇರೆ ಪ್ರತಿ ಇರಲಿಲ್ಲ. ಆತನ ಮಾತಾದ ಮೇಲೆ ಹಬ್ಬ, ನೆಂಟರು ಅಂತ ಮೂರು ಗಂಟೆಯಷ್ಟು ತೆಗೆದಿದ್ದರು; ಇಡೀ ಕ್ಯಾಸೆಟ್ಟು ಒಂದೇ ಸೀಡಿಯಲ್ಲಿ ಹಿಡಿಯಲಿ ಅಂತ ನಾನು ಆದಷ್ಟೂ ಹಿಂಡಿದೆ. ಪರದೆಯ ಮೇಲೆ ಆತನ ಮುಖ ಚೆನ್ನಾಗಿ ಬಂದಿತ್ತು. ಅಷ್ಟು ನೋಡಿ ಅನ್ನಕ್ಕಿಡಲು ಎದ್ದು ಹೋದೆ. ಎಲ್ಲ ಮುಗಿದು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುವಾಗ ವಿಸಿಆರು ಕೀಚಲು ದನಿ ಮಾಡಿ ನಿಂತಿತು. ಗಾಬರಿಯಲ್ಲಿ ಎಳೆದೆ. ಮಾರುಗಟ್ಟಲೆ ಟೇಪು ಸುಕ್ಕಾಗಿ ಹೊರಗೆ ಬಂತು, ಎರಡು ಕಡೆ ತುಂಡಾಯಿತು. ಸೆಲೋಟೇಪು ಅಂಟಿಸಿ, ಪೆನ್ಸಿಲಿನಲ್ಲಿ ತಿರುಗಿಸಿ ಒಳಗೆ ಸುತ್ತಿದೆ. ಮೇಲೆ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

"ಟೇಪ್ ಹಳೇದಾಯ್ತು ಅಕ್ಕ, ಇನ್ಮೇಲೆ ಹಾಕ್ಬೇಡಿ. ಸೀಡಿನಲ್ಲಿ ಎಲ್ಲಾ ಇದೆ" ಅಂತ ಹೇಳಿ ಕೊಟ್ಟೆ. ಅಕ್ಕ ಅದನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟರು.

ಸೀಡಿ ನೋಡಲು ಮುಂದಿನ ಭಾನುವಾರ ಬಂದರು. ಒಳ್ಳೆ ಸೀರೆ ಉಟ್ಟಿದ್ದರು, ಹೂ ಮುಡಿದಿದ್ದರು. ಗಂಡನ ಮುಖ ಕಾಣುತ್ತಲೇ "ಬಂದ್ರು ನೋಡು" ಅಂದರು. ಆತ ನಕ್ಕು ಕೈ ಎತ್ತಿದ. ಅಲ್ಲಿಗೆ ಮುಗಿಯಿತು... ಅಲುಗಾಡದ ಗೋಡೆ, ಕ್ಯಾಲೆಂಡರು, ಕುರ್ಚಿ ಎಲ್ಲವನ್ನೂ ಕಾರ್ಡು ಜೋಪಾನವಾಗಿ ಉಳಿಸಿತ್ತು. ಬೇಗ ಬೇಗ ಆಡುವ ಕೈಗಳನ್ನು ಮಾತ್ರ ಕಂದು ಬಣ್ಣದ ಚೌಕಗಳನ್ನಾಗಿ ಕಲಸಿಹಾಕಿತ್ತು. ನಿಂತ ಕಡೆ ಬೆರಳು ಕಾಣುತ್ತಿತ್ತು, ಮತ್ತೆ ಕಲಸಿಹೋಗುತ್ತಿತ್ತು. ಅಕ್ಕ ಪರದೆಯ ಹತ್ತಿರಕ್ಕೆ ಬಾಗಿದರು.

"ಕೈ ಎಲ್ಲಿ ಮಾ? ಏನ್ ಹೇಳ್ತಿದ್ದಾರೆ ಗೊತ್ತಾಗ್ತಿಲ್ವಲ್ಲ."

ನಾನು ಜಾಸ್ತಿ ಹಿಂಡಿಬಿಟ್ಟೆ ಅಂತ ವಿವರಿಸಿದೆ. ಅವರ ಮುಖ ಗೆಲುವಾಯಿತು. "ಅಷ್ಟೇ ತಾನೆ? ಇನ್ನೊಂದ್ಸಲ ಇಳ್ಸು. ಕ್ಯಾಸೆಟ್ ತರ್ತೀನಿ ಇರು." ನಾನು ತಡೆಯುವ ಮೊದಲೇ ಎದ್ದು ಹೋದರು. ಮೆಟ್ಟಿಲಿಳಿದ ಸದ್ದು, ಬೀರುವಿನ ಬಾಗಿಲಿನ ಸದ್ದು, ಮತ್ತೆ ಮೆಟ್ಟಿಲು ಹತ್ತುವ ಸದ್ದು. ಅಷ್ಟರಲ್ಲಿ ಏನಾದರೂ ಒಂದು ಸುಳ್ಳು ಹೊಳೆದೀತು ಅಂದುಕೊಂಡೆ. ಹೊಳೆಯಲಿಲ್ಲ. ಎಲ್ಲ ಹೇಳಿಬಿಟ್ಟೆ.

ಆದರೂ ಹಾಕಿ ನೋಡಿದೆವು. ಬರೀ ಗೆರೆ, ಚುಕ್ಕೆ. ಅಕ್ಕ ಬೈಯಲಿಲ್ಲ. ಕ್ಯಾಸೆಟ್ಟನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು. ಏಳುವಾಗ ಕೇಳಿದರು: "ಹರಿದುಹೋಗೋದು ಯಾರ ಕೈಲಾದ್ರೂ ಹರಿಯುತ್ತೆ. ಅವತ್ತೇ ಹೇಳ್ಬಾರ್ದಿತ್ತಾ?"

ಮೂರು ವಾರ ಅವರು ಮೇಲೆ ಬರಲಿಲ್ಲ. ನಾನೂ ಇಳಿದು ಹೋಗಲಿಲ್ಲ. ನೀರು ಹಿಡಿಯಲು ಹೋಗುವಾಗ ಸದ್ದಾಗದಂತೆ ಬಾಗಿಲು ಎಳೆದುಕೊಳ್ಳುತ್ತಿದ್ದೆ. ನಾಲ್ಕನೇ ಭಾನುವಾರ ಅವರೇ ಬಂದು ಕುರ್ಚಿ ಎಳೆದು ಕೂತರು. "ಹಾಕು. ನಿಲ್ಸಿ ನಿಲ್ಸಿ ತೋರ್ಸು."

ಹತ್ತು ನಿಮಿಷದ ಮಾತು ಅದು. ಐದು ತಿಂಗಳು ಹಿಡಿಯಿತು. ಕೈ ಎಲ್ಲಿ ಎದ್ದಿತು, ಎಲ್ಲಿ ನಿಂತಿತು, ನಡುವೆ ಹುಬ್ಬು ಏನು ಮಾಡಿತು ಅಂತ ನೋಡಿ, ಅಕ್ಕ ತಮ್ಮ ಕೈಯನ್ನೇ ಆಡಿಸಿ ಆಡಿಸಿ ಮಾತನ್ನು ಹುಡುಕುತ್ತಿದ್ದರು. ಸಿಕ್ಕಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಆತ ಬೀರು ಪಾಲಿಶ್ ಮಾಡಲು ಅಕ್ಕನ ತಂದೆಯ ಮನೆಗೆ ಬಂದದ್ದು. ಮೂರು ದಿನದ ಕೆಲಸವನ್ನು ಒಂಬತ್ತು ದಿನ ಎಳೆದದ್ದು. "ಕಳ್ಳ!" ಅಂತ ಅಕ್ಕ ಪರದೆಗೆ ಬೆರಳು ತೋರಿಸಿ ನಕ್ಕಿದ್ದರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ಹೀಗೆ ನನಗೂ ಒಂದೊಂದೇ ಬಂತು. ಬೀರು. ಅಪ್ಪ. ನೀರು. ಬಿಸಿಲು. ಸಾಕು.

ಕೊನೆಯಲ್ಲಿ ಆತ ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ತಿರುಗುತ್ತಾನೆ. ಅಲ್ಲಿ ಅಕ್ಕ ಕಾಫಿ ಹಿಡಿದು ನಿಂತಿದ್ದರಂತೆ. ಅವರಿಗೆ ಎರಡೂ ಕೈಯಲ್ಲಿ ಏನೋ ಹೇಳುತ್ತಾನೆ. ಅದು ಪೂರ್ತಿ ಚೌಕ. ಎಷ್ಟು ನಿಲ್ಲಿಸಿ ನೋಡಿದರೂ ಬರಲಿಲ್ಲ. "ಸಕ್ಕರೆ ಜಾಸ್ತಿ ಅಂತಿರ್ಬೇಕು" ಅಂದರು ಒಂದು ವಾರ. ಇನ್ನೊಂದು ವಾರ ಅದಲ್ಲ ಅಂತ ತಲೆಯಾಡಿಸಿದರು. ಆ ಸಾಲಿನ ಜಾಗವನ್ನು ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟೆ.

ಆಮೇಲೆ ಅಕ್ಕನ ತಮ್ಮ ಅವರನ್ನು ಕೆ.ಆರ್. ಪುರಂಗೆ ಕರೆದುಕೊಂಡು ಹೋದರು. ನಾನು ಹಬ್ಬಕ್ಕೆ ಹುಣ್ಣಿಮೆಗೆ ಹೋಗಿಬರುತ್ತಿದ್ದೆ, ಕ್ರಮೇಣ ಅದೂ ಕಡಿಮೆಯಾಯಿತು. ಒಂದು ದಿನ ತಮ್ಮನ ಹೆಂಡತಿ ಫೋನ್ ಮಾಡಿದರು: ಅಕ್ಕನಿಗೆ ಲಕ್ವ ಹೊಡೆದಿದೆ, ಬಲಗೈ ಬಿದ್ದಿದೆ, ಮಾತು ನಿಂತಿದೆ.

ಹೋದಾಗ ಅಕ್ಕನ ಎಡಗೈ ಹಾಸಿಗೆಯ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. "ಎರಡು ದಿನದಿಂದ ಹಿಂಗೇ ಒದ್ದಾಡ್ತಿದ್ದಾರೆ ಕಣ್ರೀ, ನೋವೋ ಏನೋ" ಅಂದರು ತಮ್ಮನ ಹೆಂಡತಿ. ನಾನು ನೋಡಿದೆ. ಅದು ಒದ್ದಾಟವಲ್ಲ.

"ಬಿಸಿಲು ಅಂತಿದ್ದಾರೆ. ಕಣ್ಣಿಗೆ ಬಿಸಿಲು ಹೊಡೀತಿದೆ."

ಕಿಟಕಿಯ ಪರದೆ ಎಳೆದೆವು. ಕೈ ಸುಮ್ಮನಾಯಿತು. ಅಕ್ಕ ನನ್ನನ್ನೇ ನೋಡುತ್ತಿದ್ದರು. ಅವತ್ತಿನಿಂದ ದಿನಾ ಹೋದೆ. ನೀರು, ದಿಂಬು, ಸಾಕು... ಹೇಳಿದ್ದನ್ನು ಆ ಮನೆಯವರಿಗೆ ತಿಳಿಸುತ್ತಿದ್ದೆ. ಹದಿನೇಳು ದಿನ, ಅಕ್ಕ ತೀರಿಕೊಳ್ಳುವವರೆಗೆ. ನನಗೆ ಗೊತ್ತಿಲ್ಲದ್ದನ್ನೂ ಎಷ್ಟೋ ಹೇಳುತ್ತಿದ್ದರು. ಅರ್ಥವಾಗದೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಅರ್ಥವಾಗಲಿಲ್ಲ ಅಂತ ಅವರಿಗೂ ತಿಳಿಯುತ್ತಿತ್ತು.

ಗುಜರಿಯವನು ಕಾದು ಕಾದು ಹೊರಟುಹೋದ. ಆ ಇಬ್ಬರ ಭಾಷೆ ಗೊತ್ತಿರುವವಳು ಈಗ ನಾನೊಬ್ಬಳೇ, ಅದೂ ನಲವತ್ತೋ ಐವತ್ತೋ ಮಾತು. ಒಬ್ಬಳೇ ಇರುವಾಗ ಒಮ್ಮೊಮ್ಮೆ ಎಲ್ಲವನ್ನೂ ಕೈಯಲ್ಲಿ ಹೇಳಿಕೊಳ್ಳುತ್ತೇನೆ, ಮರೆಯಬಾರದಲ್ಲ ಅಂತ. 'ತಪ್ಪಾಯ್ತು' ಅನ್ನುವುದಕ್ಕೆ ಅವರು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಐದು ತಿಂಗಳು ಪಕ್ಕದಲ್ಲೇ ಕೂತಿದ್ದರು. ನಾನು ಕೇಳಲಿಲ್ಲ.