ಕುರ್ಚಿಯ ಅಂಚಿನಲ್ಲಿ

ನನಗೆ ಕುರ್ಚಿಯ ಮೇಲೆ ನೆಟ್ಟಗೆ ಕೂರಲು ಬರುವುದಿಲ್ಲ. ಆಸನ ಎಷ್ಟೇ ಮೆತ್ತಗಿರಲಿ, ಯಾರಾದರೂ ಬಂದೊಡನೆ ಎದ್ದು ಬಿಟ್ಟುಕೊಡಬೇಕೇನೋ ಎಂಬಂತೆ ಅದರ ಅಂಚಿನಲ್ಲೇ ಇರುತ್ತೇನೆ. ಇದನ್ನು ವಿನಯವೆಂದು ಭ್ರಮಿಸಿ ಹೊಗಳುವವರುಂಟು. ನಾನು ತಿದ್ದಲು ಹೋಗುವುದಿಲ್ಲ, ಪುಕ್ಕಟೆ ಕೀರ್ತಿಯನ್ನು ಯಾರು ಬಿಡುತ್ತಾರೆ ಹೇಳಿ?

ನಿಜದಲ್ಲಿ ಇದು ಪಿತ್ರಾರ್ಜಿತ. ಯಾದಗಿರಿಯ ಕಡೆಯಿಂದ ಗಾರೆ ಕೆಲಸಕ್ಕೆಂದು ಪುಣೆಗೆ ಬಂದ ಅಪ್ಪ-ಅವ್ವ ಯೆರವಡಾದ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದಾಗ ಮನೆಗಿದ್ದದ್ದು ಒಂದೇ ಕುರ್ಚಿ. ಅದಕ್ಕೊಂದು ಸಂವಿಧಾನವೂ ಇತ್ತು: ಬಂದವರು ಒಬ್ಬರಾದರೆ ಕುರ್ಚಿ ಅವರದು, ಇಬ್ಬರಾದರೆ ಕುರ್ಚಿ ಹೊರಗೆ, ಎಲ್ಲರೂ ನೆಲಕ್ಕೆ. ಒಮ್ಮೆ ಗುತ್ತಿಗೆದಾರ ತನ್ನ ಆಳಿನೊಂದಿಗೆ ಬಂದಾಗಲೂ ಅಪ್ಪ ಕುರ್ಚಿಯನ್ನು ಹೊರಗಿಟ್ಟ. ಇಸ್ತ್ರಿ ಪ್ಯಾಂಟಿನ ಆ ಮಹಾಶಯ ಆಳಿನ ಪಕ್ಕ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಲು ಪಟ್ಟ ಪಾಡು ವರ್ಣನಾತೀತ. ಮರುದಿನ ಅಪ್ಪನಿಗೆ ಕೆಲಸವಿರಲಿಲ್ಲ, ಅವ್ವನಿಗೆ ಪಶ್ಚಾತ್ತಾಪವಿರಲಿಲ್ಲ.

ಅಪ್ಪ ಈಗಿಲ್ಲ. ಅವ್ವ ನನ್ನೊಂದಿಗೆ ಖರಾಡಿಯ ಫ್ಲಾಟಿನಲ್ಲಿದ್ದಾಳೆ. ನಮ್ಮ ಸೊಸೈಟಿಯ ಗೇಟು ಕಾಯುವವರು ಶರಣಮ್ಮ ಮತ್ತು ಕಮಲಾಬಾಯಿ. ಕೂತರೆ ತೂಕಡಿಸುತ್ತಾರೆಂದು ಸಮಿತಿ ಹೋದ ತಿಂಗಳು ಅವರ ಸ್ಟೂಲುಗಳನ್ನು ತೆಗೆಸಿತು. ಹನ್ನೆರಡು ತಾಸು ನಿಂತು ಶರಣಮ್ಮನ ಮೊಣಕಾಲು ಬಾತಿದೆ. "ಕೂತ್ರ ಕೆಲಸ ಹೋಗತದ್ರಿ ಅಕ್ಕಾ" ಎನ್ನುತ್ತಾಳೆ. ಸ್ಟೂಲು ತೆಗೆಸಲು ತೀರ್ಮಾನಿಸಿದ ಸಭೆಯಲ್ಲಿ ನಾನೂ ಇದ್ದೆ, ಕುರ್ಚಿಯ ಅಂಚಿನಲ್ಲಿ, ಬಾಯಿಗೆ ಬೀಗ ಹಾಕಿಕೊಂಡು. ಇಂದಿಗೂ ನಾಚಿಕೆಯಾಗುತ್ತದೆ.

ಅವ್ವನಿಗೆ ಇದು ಗೊತ್ತಾದ ದಿನ ಊಟದ ಮೇಜಿನ ಒಂದು ಕುರ್ಚಿಯನ್ನು ವೀರಾವೇಶದಿಂದ ಹೊತ್ತೊಯ್ದು ಗೇಟಿನಲ್ಲಿಟ್ಟು ಬಂದೆ. ಸಂಜೆ ಇಣುಕಿದರೆ ಕುರ್ಚಿ ಖಾಲಿ. ಅದರ ಎಡಬಲದಲ್ಲಿ ಇಬ್ಬರೂ ನಿಂತೇ ಇದ್ದಾರೆ!

"ಮಂದಿ ಇಬ್ರು, ಕುರ್ಚಿ ಒಂದು. ನಿಮ್ಮಪ್ಪ ಇದನ್ನ ಕಲಿಸ್ಯಾನೇನು?" ಎಂದಳು ಅವ್ವ.

ಇನ್ನೆರಡು ಇಳಿಸಿದೆ. ಮೂರನೆಯದರ ಮೇಲೆ ಅವ್ವನೇ ಕೂತು, ಹೆದರುತ್ತಿದ್ದ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡಳು. ಸಮಿತಿಯ ಕಾರ್ಯದರ್ಶಿಗಳು ಧಾವಿಸಿ ಬಂದು "ನಿಯಮ್ ಮ್ಹಣಜೇ ನಿಯಮ್" ಎಂದು ಮರಾಠಿಯಲ್ಲಿ ನಿಯಮದ ಮಹಿಮೆ ಸಾರಿದರು. ಈ ಸಲ ನನ್ನ ಬಾಯಿಗೆ ಬೀಗವಿರಲಿಲ್ಲ. ಕುರ್ಚಿ ನನ್ನವು, ಕೂರಿಸಿದವಳು ನಾನು, ನೋಟಿಸು ನನ್ನ ಹೆಸರಿಗೇ ಬರಲಿ. ಇವರನ್ನು ಕೆಲಸದಿಂದ ತೆಗೆದರೆ ನಾಳೆಯಿಂದ ಗೇಟಿಗೆ ಅಡ್ಡ ಕೂರುವವರು ನಾವು ತಾಯಿ-ಮಗಳು, ಎಂದು ಅವರದೇ ಮರಾಠಿಯಲ್ಲಿ ಹೇಳಿದೆ.

ಬೆಳಗಾಗುವಷ್ಟರಲ್ಲಿ ಮೂರೂ ಕುರ್ಚಿ ಮಾಯ. ಉಳಿದ ಮೂರನ್ನೂ ಇಳಿಸಿದೆ. ಶರಣಮ್ಮ ನನ್ನ ಮುಖ ನೋಡಿದಳು, ಸಮಿತಿಯ ಕಚೇರಿಯತ್ತ ನೋಡಿದಳು, ಆಮೇಲೆ ತಾನಾಗಿಯೇ ಕೂತಳು.

ಇವನ್ನೂ ಒಯ್ಯುವ ಉತ್ಸಾಹ ಸಮಿತಿಗಿದ್ದರೆ ಒಯ್ಯಲಿ, ಮೇಲೆ ಸೋಫಾ ಇದೆ. ಮಧ್ಯಾಹ್ನ ಅವ್ವ ಬರಿದಾದ ಮೇಜನ್ನು ಗೋಡೆಗೆ ಸರಿಸಿ ಚಾಪೆ ಹಾಸಿದಳು; ಇಬ್ಬರೂ ರೊಟ್ಟಿ ಉಂಡೆವು. ನೆಲದ ಮೇಲೆ ನನಗೆ ನೆಟ್ಟಗೆ ಕೂರಲು ಬರುತ್ತದೆ.