ಎರಡನೇ ಮೈಕಿನ ದನಿ

ಇದನ್ನು ಹೇಳುವುದನ್ನು ನಾನು ಬೇಕೆಂದೇ ತಳ್ಳುತ್ತಾ ಬಂದಿದ್ದೇನೆ. ಮೊಹರಂ ಕಳೆಯಲಿ ಎಂದೆ, ಕಳೆಯಿತು. ಮೊಮ್ಮಗಳ ಮದುವೆ ಆಗಲಿ ಎಂದೆ, ಆಯಿತು. ಕಣ್ಣಿನ ಆಪರೇಷನ್ ಆಗಲಿ ಎಂದೆ, ಅದೂ ಆಯಿತು. ಹೋದ ವಾರ ಕಪಾಟು ಖಾಲಿ ಮಾಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಮೈಕೊಂದು ಕೈಗೆ ಸಿಕ್ಕಿತು. ಅದರ ತಲೆಗೆ ಕರಿ ಸ್ಪಂಜಿನ ಟೊಪ್ಪಿಗೆ. ಗಂಟು ಬಿಚ್ಚಿದ ಕೂಡಲೇ ಲವಂಗದ ವಾಸನೆ ಬಂತು. ಇಷ್ಟು ವರ್ಷವಾದರೂ... ಬೇರೆಯವರಿಗೆ ಅದು ಒಳ್ಳೆಯ ವಾಸನೆಯೇ. ನಾನು ಚೀಲಕ್ಕೆ ಮತ್ತೆ ಗಂಟು ಹಾಕಿದೆ. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಹೇಸಿಗೆ ಹುಟ್ಟಿದ್ದು ಲವಂಗದ ಮೇಲಲ್ಲ, ನನ್ನ ಮೇಲೆ.

ಆ ಮೈಕಿನ ಮುಂದೆ ಲವಂಗ ಜಗಿಯುತ್ತಾ ಕೂತು ಹಾಡಿದವರು ಶಹಾಬಾದಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರು. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಜೀವಮಾನವೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಮಶೀನಿನ ಮುಂದೆ ನಿಂತವರು. ಕಲ್ಲಿನ ಧೂಳು ಎದೆಯೊಳಗೆ ಇಳಿದು ಕೂತಿತ್ತು. ಕೆಮ್ಮು ತಡೆಯಲೆಂದು ಜೇಬಿನಲ್ಲಿ ಸದಾ ಲವಂಗ ಇಟ್ಟುಕೊಳ್ಳುತ್ತಿದ್ದರು. ನಾನು ಮೆಟ್ರಿಕ್ ಮುಗಿಸಿ ವಾಡಿಯ ಕಡೆ ಒಂದು ಕಾರ್ಖಾನೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು.

ನಮ್ಮಿಬ್ಬರನ್ನು ಜೋಡಿ ಮಾಡಿದ್ದು ಮೊಹರಮ್ಮಿನ ಪದಗಳು. ನಮ್ಮ ಕಡೆ ಆ ಪದ ಹಾಡುವುದಕ್ಕೆ ಹಿಂದೂ ಮುಸಲ್ಮಾನ ಎಂಬುದಿಲ್ಲ, ದನಿ ಇದ್ದವನು ಹಾಡುತ್ತಾನೆ. ಆದರೆ ಒಬ್ಬನೇ ಹಾಡುವ ಪದವಲ್ಲ ಅದು. ಮುಂದಿನವ ಸಾಲು ಎತ್ತುತ್ತಾನೆ. ಸಾಲು ಮುಗಿಯುವ ಮೊದಲೇ ಹಿಂದಿನವ ಅದರ ಕೊನೆಯನ್ನು ಹಿಡಿದು ಎಳೆಯುತ್ತಾನೆ. ಅವನು ಎಳೆಯುತ್ತಿರುವಾಗ ಮುಂದಿನವ ಉಸಿರು ತೆಗೆದುಕೊಳ್ಳುತ್ತಾನೆ. ಇದಕ್ಕೆ ನಾವು ಸೊಲ್ಲು ಹಿಡಿಯುವುದು ಎನ್ನುತ್ತಿದ್ದೆವು. ಕೇಳುವವರಿಗೆ ಹಾಡು ಎಲ್ಲಿಯೂ ತುಂಡಾಗುವುದಿಲ್ಲ. ಜನ ಹೊಗಳುವುದು ಮುಂದಿನವನನ್ನು. ಹಿಂದಿನವನಿಲ್ಲದೆ ಅವನು ಅರ್ಧ ಪದವನ್ನೂ ದಾಟಲಾರ. ಮೀಸೆ ಕಪ್ಪಿದ್ದ ಕಾಲದಿಂದ ನಾನು ಮುಂದಿನವ, ಭಾಯಿ ಹಿಂದಿನವರು.

ಐದಾರು ವರ್ಷದ ಹಿಂದಿನ ಮಾತು. ಕಂಡಕಂಡವರೆಲ್ಲ ಹಾಡಿ ಮೊಬೈಲಿಗೆ ಹಾಕುತ್ತಿದ್ದರು. ನಾವೂ ಮೊಬೈಲಿನಲ್ಲಿ ಹಿಡಿದು ನೋಡಿದೆವು. ಹಾಡಿಗಿಂತ ಗೂಡ್ಸ್ ಗಾಡಿಯ ಸಪ್ಪಳವೇ ಜೋರಾಗಿ ಬಂತು. ಆಗ ಸೇಡಂನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯವನು ನನಗೆ ಒಂದು ಸಣ್ಣ ಡಬ್ಬಿ ತೋರಿಸಿದ. ಆಡಿಯೋ ಇಂಟರ್‌ಫೇಸ್ ಎಂದು ಅದರ ಹೆಸರು. ಮುಂದೆ ಮೈಕು ಚುಚ್ಚಲು ಎರಡು ಪಾಯಿಂಟು, ಎರಡು ತಿರುಪು. ಹಿಂದಿನಿಂದ ಯುಎಸ್‌ಬಿ ವಾಯರು ಕಂಪ್ಯೂಟರಿಗೆ ಹೋಗುತ್ತದೆ.

"ಇದು ಎಲ್ಲಕಿಂತ ಅಗ್ಗದ್ದು ಕಾಕಾ. ಆದ್ರ ನಿಮ್ಮ ಕೆಲಸಕ್ಕ ಸಾಕು. ಎರಡೂ ಮೈಕಿನ ದನಿ ಬ್ಯಾರೆ ಬ್ಯಾರೆ ಕೂಡ್ತದ. ಒಂದು ಕಡಿಮಿ ಮಾಡ್ರಿ, ಒಂದು ಹೆಚ್ಚು ಮಾಡ್ರಿ, ನಿಮ್ಮ ಕೈಯಾಗ," ಎಂದ.

ನಿಮ್ಮ ಕೈಯಾಗ... ಆ ಮಾತನ್ನು ನಾನು ಆಗ ಖುಷಿಯಿಂದ ಕೇಳಿದೆ.

ಅಗ್ಗದ ಡಬ್ಬಿಯ ಜೊತೆ ಸಂಸಾರ ಮಾಡಿದವರಿಗೆ ಅದರ ಕಾಟ ಗೊತ್ತು. ಅಳಿಯ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪಿಗೆ ಚಾರ್ಜರ್ ಹಚ್ಚಿದರೆ ಸಾಕು, ಹಾಡಿನ ಕೆಳಗೆ ಜೇನುಹುಳದ ಹಾಗೆ ಗುಂಯ್ ಎನ್ನುತ್ತಿತ್ತು. ನಮ್ಮ ಮನೆಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಚಾರ್ಜರ್ ಕಿತ್ತರೆ ಗುಂಯ್ ನಿಲ್ಲುತ್ತಿತ್ತು, ಬ್ಯಾಟರಿ ಎರಡು ಪದಕ್ಕೆ ಮುಗಿಯುತ್ತಿತ್ತು. ತಿರುಪು ಸ್ವಲ್ಪ ಹೆಚ್ಚಾದರೆ ಕೆಂಪು ದೀಪ ಹತ್ತಿ ದನಿ ಹರಿದ ತಗಡಿನಂತಾಗುತ್ತಿತ್ತು. ಮೊದಲ ದಿನ ಭಾಯಿಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಹಾಡಿದ್ದು ಅವರಿಗೇ ಒಂದು ಕ್ಷಣ ತಡವಾಗಿ ಕೇಳಿಸಿತು. ಗಾಬರಿಯಾಗಿ ಕಿತ್ತು ಕೈಯಲ್ಲಿ ಹಿಡಿದರು.

"ಒಳಗ ಯಾವನೋ ಕುಂತು ನನ್ನ ಅಣಕಸ್ಲಿಕತ್ತಾನಲ್ಲೋ ತಮ್ಮಾ!"

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅವರ ಹೆಂಡತಿ, ನನ್ನ ಭಾಬಿ, ನಕ್ಕುಬಿಟ್ಟರು. "ಮನ್ಯಾಗ ನಾ ಅಣಕಸಿದ್ರ ಕೇಳ್ಸಂಗಿಲ್ಲ, ಡಬ್ಬಿ ಅಣಕಸಿದ್ರ ಹ್ಯಾಂಗ ಕೇಳಸ್ತದ ನೋಡ್ರಿ!"

ಡಬ್ಬಿಯ ಮೇಲೆ ಒಂದು ಸಣ್ಣ ಗುಂಡಿ ಇತ್ತು. ಅದನ್ನು ಒತ್ತಿದರೆ ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರವಾಗಿ ಕಿವಿಗೆ ಬರುತ್ತದೆ ಎಂದು ಎರಡು ದಿನ ತಿಣುಕಿದ ಮೇಲೆ ತಿಳಿಯಿತು. ಭಾಬಿಯೇ ತಮ್ಮ ಮನೆಯ ಕೌದಿಗಳನ್ನು ತಂದು ನಮ್ಮ ಕೋಣೆಯ ಗೋಡೆಗೆ ತೂಗುಹಾಕಿದರು, ದನಿ ಗೋಡೆಗೆ ಬಡಿದು ಮರಳಬಾರದೆಂದು. ಮೈಕುಗಳಲ್ಲಿ ಒಂದು ಒಳ್ಳೆಯದಿತ್ತು, ಒಂದು ಅದರ ಜೊತೆ ಬಿಟ್ಟಿ ಬಂದದ್ದು. ಒಳ್ಳೆಯದನ್ನು ನಾನು ಇಟ್ಟುಕೊಂಡೆ. ಭಾಯಿ ಬಿಟ್ಟಿಯ ಮೈಕಿನ ಮುಂದೆ ಬಿಸ್ಮಿಲ್ಲಾ ಎಂದು ಕೂತರು.

ಆ ಮಧ್ಯಾಹ್ನ ನಾವು ಚೆನ್ನಾಗಿ ಹಾಡಿದೆವು. ಅದನ್ನು ಇವತ್ತಿಗೂ ಅಲ್ಲಗಳೆಯಲಾರೆ.

ಮರುದಿನ ಒಬ್ಬನೇ ಕೂತು ಕೇಳಿದೆ. ನನ್ನ ದನಿ ನನಗೇ ಹೆಮ್ಮೆ ಬರುವಷ್ಟು ಚೊಕ್ಕವಾಗಿ ಬಂದಿತ್ತು. ಭಾಯಿಯದು ಹಾಗಿರಲಿಲ್ಲ. ಸೊಲ್ಲು ಹಿಡಿಯುವ ಮೊದಲು ಎದೆಯಿಂದ ಸುಂಯ್ ಎಂಬ ಸಪ್ಪಳ. ಪದದ ನಡುವೆ ಎರಡು ಕಡೆ ಕೆಮ್ಮು. ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳುವ ಚಪ್ಪರಿಕೆ ಸಹ ಕೇಳುತ್ತಿತ್ತು. ಎದುರುಬದುರು ಕೂತು ಹಾಡುವಾಗ ಇವು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಈಗ ಬರೀ ಅವೇ ಕೇಳತೊಡಗಿದವು. ಕಂಪ್ಯೂಟರಿನಲ್ಲಿ ಅವರ ದನಿಯ ಪಟ್ಟಿಯ ಪಕ್ಕದಲ್ಲಿ ಒಂದು ಸಣ್ಣ ಗುರುತಿತ್ತು. ಅದನ್ನು ಒತ್ತಿದೆ. ಭಾಯಿ ಇಲ್ಲವಾದರು. ಅಷ್ಟು ಸುಲಭ ಅದು.

ಅವರು ಹೋದ ಜಾಗದಲ್ಲಿ ತೆರಪು ಉಳಿದವು. ಆ ತೆರಪುಗಳಿಗೆ ನಾನೇ ಹೆಡ್‌ಫೋನ್ ಹಾಕಿಕೊಂಡು ಸೊಲ್ಲು ಹಿಡಿದೆ. ನನ್ನ ಸಾಲಿನ ಬಾಲವನ್ನು ನಾನೇ ಹಿಡಿದೆ, ನಾಯಿ ತನ್ನ ಬಾಲ ಹಿಡಿದ ಹಾಗೆ. ಎರಡನ್ನೂ ಕೂಡಿಸಿ ಮೊಬೈಲಿನ ಗುಂಪುಗಳಿಗೆ ಬಿಟ್ಟೆ. ಚಿತ್ತಾಪುರದಿಂದ, ಕಾಳಗಿಯಿಂದ, ಚಿಂಚೋಳಿಯಿಂದ ಗುರುತಿಲ್ಲದವರೆಲ್ಲ ಹೊಗಳಿದರು. ಏನು ದನಿ, ಏನು ದಮ್ಮು, ಒಬ್ಬರೇ ಹಾಡಿದ್ದೀರಲ್ಲ ಎಂದರು. ನಾನು ಎಲ್ಲರಿಗೂ ಕೈ ಮುಗಿದ ಚಿತ್ರ ಕಳಿಸಿದೆ.

ಭಾಯಿಗೂ ಯಾರೋ ಕಳಿಸಿದ್ದರು. ಸಂಜೆ ಮೊಬೈಲ್ ಹಿಡಿದುಕೊಂಡೇ ಬಂದರು.

"ಛಲೋ ಬಂದದೋ. ಆದ್ರ ನಾ ಎಲ್ಲಿ ಹೋದೆ?"

"ಏನ್ ಹೇಳ್ಲಿ ಭಾಯಿ," ಎಂದೆ. "ಎರಡನೇ ಪಾಯಿಂಟ್ ಕೆಟ್ಟದ. ನಿಮ್ದು ಏನೂ ಹಿಡ್ದೇ ಇಲ್ಲ. ಅಗ್ಗದ ಮಾಲು ನೋಡ್ರಿ."

"ಮತ್ತ ಸೊಲ್ಲು ಯಾರು ಹಿಡದ್ರು?"

"ಆಮ್ಯಾಲ ನಾನೇ ಹಿಡದು ಕೂಡಸೀನಿ."

"ಮುಂದೂ ನೀನೇ, ಹಿಂದೂ ನೀನೇ!" ಭಾಯಿ ನಕ್ಕರು. "ಮತ್ತ ಉಸುರು ಯಾವಾಗ ತಗೊಂಡಿಯೋ ಮಾರಾಯಾ?"

ನಾನೂ ನಕ್ಕೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಭಾಯಿಗೆ ಸಿಟ್ಟು ಬಂದಿತ್ತು, ನನ್ನ ಮೇಲಲ್ಲ, ಅಂಗಡಿಯವನ ಮೇಲೆ. ನನಗೆ ಮೋಸವಾಗಿದೆ ಎಂಬ ಸಿಟ್ಟು. "ನಿನ್ನಂಥ ಸೀದಾ ಮನಷ್ಯಾಗ ಕೆಟ್ಟ ಮಾಲು ಕೊಡ್ತಾನಂದ್ರ ಏನರ್ಥ? ನಾಳಿ ನಡಿ ಸೇಡಂಗ. ಡಬ್ಬೀನೂ ತಗೋ, ಕಂಪ್ಯೂಟರ್‌ನೂ ತಗೋ. ನಾ ಮಾತಾಡ್ತೀನಿ ಅವ್ನ ಜೋಡಿ."

ಬೇಡವೆಂದರೂ ಕೇಳಲಿಲ್ಲ. ಅಂಗಡಿಯವನು ಕಂಪ್ಯೂಟರ್ ತೆರೆದರೆ ಭಾಯಿಯ ದನಿ ಅಲ್ಲಿಯೇ ಸಿಗುತ್ತಿತ್ತು. ಹೊರಡುವ ಮುಂಚೆ ನಾನು ಅದನ್ನು ಅಳಿಸಿದೆ. ಕಸದ ಬುಟ್ಟಿಯ ಚಿತ್ರದಿಂದಲೂ ಅಳಿಸಿದೆ. ಇನ್ನೊಮ್ಮೆ ಹಾಡಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅಳಿಸಿದ ಕೈಯಿಂದಲೇ ಭಾಬಿ ಕೊಟ್ಟ ಉಪ್ಪಿಟ್ಟು ತಿಂದು ರೈಲು ಹತ್ತಿದೆ.

ಸೇಡಂನಲ್ಲಿ ಭಾಯಿ ಅಂಗಡಿಯವನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಅವನು ಎರಡನೇ ಪಾಯಿಂಟಿಗೆ ಮೈಕು ಚುಚ್ಚಿ ಭಾಯಿಯ ಕೈಗೆ ಕೊಟ್ಟ. "ಏನರೆ ಹಾಡ್ರಿ ಚಾಚಾ." ಭಾಯಿ ಒಂದು ಸೊಲ್ಲು ಎಳೆದರು. ಅಂಗಡಿಯ ದೊಡ್ಡ ಸ್ಪೀಕರಿನಿಂದ ಅದು ರಸ್ತೆಯವರೆಗೂ ಕೇಳಿಸಿತು. ಎದುರಿನ ಪಾನ್ ಡಬ್ಬಿಯವನು ಎದ್ದು ನೋಡಿದ.

"ನಡೀಲಿಕತ್ತದಲ್ಲೋ ತಮ್ಮಾ..." ಭಾಯಿ ನನ್ನ ಮುಖ ನೋಡಿದರು.

"ಇಲ್ಲಿ ನಡೀತದ, ಮನ್ಯಾಗ ನಡ್ಯಂಗಿಲ್ಲ," ಎಂದೆ. ಇಷ್ಟೇ ಅಂದಿದ್ದರೆ ಒಂದು ಮಾತು. ದನಿ ಏರಿಸಿದೆ. ಮುದುಕರು ಬಂದಾಗೊಮ್ಮೆ ಏನಾದರೂ ಚಾಲಾಕಿ ಮಾಡುತ್ತೀರಿ ಎಂದು ಅವನ ಮೇಲೆ ಕೂಗಾಡಿದೆ. ಆತ ಕಂಪ್ಯೂಟರಿನಲ್ಲಿ ನಮ್ಮ ಪದ ತೆರೆದು ಪರದೆ ನೋಡಿದ, ನನ್ನನ್ನು ನೋಡಿದ. ಅಳಿಸಿದ ಪಟ್ಟಿಯ ಜಾಗ ಖಾಲಿಯಿತ್ತು. ಅವನಿಗೆ ಎಲ್ಲಾ ಗೊತ್ತಾಯಿತೆಂದು ನನಗನಿಸಿತು. "ಆಯ್ತು ಕಾಕಾ, ವಾಯರ್ ಬದಲಿ ಮಾಡಿ ಕೊಡ್ತೀನಿ," ಎಂದು ಹೊಸ ವಾಯರು ಕೊಟ್ಟ. ಅದನ್ನೂ ನಾಚಿಕೆಯಿಲ್ಲದೆ ತೆಗೆದುಕೊಂಡೆ.

ಬರುವಾಗ ಗಾಡಿ ವಾಡಿಯಲ್ಲಿ ಬಹಳ ಹೊತ್ತು ನಿಂತಿತು. ಭಾಯಿ ಇಳಿದು ನನಗೊಂದು ತಮಗೊಂದು ಚಹಾ ತಂದರು. ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು.

"ನನ್ನ ಕೆಮ್ಮು ಬಂದಿತ್ತೇನೋ ಅದರಾಗ?"

"ಇಲ್ಲ ಭಾಯಿ."

"ಬಂದಿದ್ರ ಹೇಳು. ನಾನೇ ತೆಗಿ ಅಂತಿದ್ದೆ. ಪದ ಕೆಡಬಾರ್ದು."

"ಏನೂ ಬಂದಿಲ್ಲ ಅಂತ ಹೇಳಿನಲ್ಲ."

"ಕೆಮ್ಮೂ ಬಂದಿಲ್ಲ?"

"ಏನೂ ಬಂದಿಲ್ಲ."

ಅವರು ತಲೆಯಾಡಿಸಿ ಲವಂಗವೊಂದನ್ನು ಬಾಯಿಗೆ ಹಾಕಿಕೊಂಡರು. ಹೇಳಿಬಿಡು ಎಂದು ಬಾಗಿಲು ತೆರೆದು ಹಿಡಿದಿದ್ದರು ಅವರು. ನಾನು ಒಳಗೇ ಕೂತು ಅಗುಳಿ ಹಾಕಿಕೊಂಡೆ. 

ಆಮೇಲೆ ಅವರು ನನ್ನ ಜೊತೆ ಹಾಡಲಿಲ್ಲ. ಜಗಳವಾಡಲಿಲ್ಲ, ಸಿಕ್ಕಾಗ ನಗುತ್ತಿದ್ದರು, ದಮ್ಮು ಸಾಲದೋ ಎನ್ನುತ್ತಿದ್ದರು. ಆ ವರ್ಷದ ಮೊಹರಮ್ಮಿನಲ್ಲಿ ದೂರ ನಿಂತು ಕೇಳಿದರು. ಭಂಕೂರದವನೊಬ್ಬ ನನಗೆ ಸೊಲ್ಲು ಹಿಡಿದ. ಅರ್ಧ ಪದಕ್ಕೇ ನನ್ನ ಉಸಿರು ಕಟ್ಟಿತು. ಮುಂದಿನ ಚಳಿಗಾಲದಲ್ಲಿ ಭಾಯಿ ಹಾಸಿಗೆ ಹಿಡಿದರು. ನೋಡಲು ಹೋಗಿ ಅವರ ಕಾಲ ಹತ್ತಿರ ಕೂತು ಬರುತ್ತಿದ್ದೆ. ಹೇಳಬೇಕೆಂದು ಹೋಗಿ ಹವಾಮಾನದ ಮಾತಾಡಿ ಬರುತ್ತಿದ್ದೆ... ಒಂದು ನಸುಕಿನಲ್ಲಿ ಗೋಡೆಯ ಆಚೆಯಿಂದ ಭಾಬಿ ಅಳುವುದು ಕೇಳಿಸಿತು.

ನಲವತ್ತನೇ ದಿನದ ಫಾತಿಹಾ ಆದ ಮೇಲೆ ಭಾಬಿ ನಮ್ಮ ಮನೆಗೆ ಬಂದರು. ಮನೆಯಲ್ಲಿ ಭಾಯಿಯ ಫೋಟೋ ಇತ್ತು. ದನಿ ಮಾತ್ರ ಎಲ್ಲಿಯೂ ಇರಲಿಲ್ಲ. ನಾವು ಮೊದಲು ಮೊಬೈಲಿನಲ್ಲಿ ಹಿಡಿದದ್ದನ್ನು ಸಹ, ಗೂಡ್ಸ್ ಗಾಡಿಯ ಸಪ್ಪಳವಿದೆಯೆಂದು, ನಾನೇ ಅಂದೇ ಅಳಿಸಿದ್ದೆ.

"ಆ ಡಬ್ಬ್ಯಾಗ ಒಂದ ಸೊಲ್ಲರ ಇದ್ರ ನೋಡಪ್ಪಾ. ಹಾಡೇ ಬೇಕಂತಿಲ್ಲ. ಕೆಮ್ಮಿದ್ರೂ ನಡೀತದ," ಎಂದರು.

ಕೆಮ್ಮಿದರೂ ನಡೆಯುತ್ತದೆ. ನಾನು ಎಸೆದದ್ದು ಅದನ್ನೇ.

ಕಲಬುರಗಿಗೆ ಲ್ಯಾಪ್‌ಟಾಪ್ ಒಯ್ದು ಅಳಿಸಿದ್ದನ್ನು ಮರಳಿ ತೆಗೆದುಕೊಡುವವರಿಗೆ ತೋರಿಸಿದೆ. ಏನೂ ಸಿಗಲಿಲ್ಲ. ಬಂದು ಭಾಬಿಗೆ ಇಲ್ಲ ಎಂದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ಅವರೇ ನನಗೆ ಸಮಾಧಾನ ಹೇಳಿದರು. "ನೀ ಏನ್ ಮಾಡ್ತಿ ತಮ್ಮಾ, ಡಬ್ಬೀನೇ ಕೆಟ್ಟಿತ್ತು." ಆ ಸಮಾಧಾನವನ್ನು ನಾನು ತಲೆ ತಗ್ಗಿಸಿ ತೆಗೆದುಕೊಂಡೆ, ದುಃಖದಲ್ಲಿರುವವನ ಹಾಗೆ.

ಇನ್ನೊಂದು ಸಂಗತಿ ಇದೆ. ಎದುರುಬದುರು ಕೂತು ಹಾಡಿದ್ದರಿಂದ ಭಾಯಿಯ ದನಿ ಒಂದಿಷ್ಟು ನನ್ನ ಮೈಕಿಗೂ ತಾಗಿತ್ತು. ತೆರಪುಗಳನ್ನೆಲ್ಲ ನಾನು ಒರೆಸಿ ನನ್ನ ದನಿ ತುಂಬಿದ್ದರೂ, ಒಂದು ಕಡೆ ನನ್ನ ಸಾಲಿನ ಕೊನೆಯಲ್ಲಿ, ನನ್ನ ದನಿಯ ಕೆಳಗೆ, ಸುಂಯ್ ಎಂಬ ಉಸಿರು ಉಳಿದಿದೆ. ಸೊಲ್ಲು ಹಿಡಿಯುವ ಮುಂಚಿನ ಉಸಿರು. ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಜಗತ್ತಿನಲ್ಲಿ ಭಾಯಿಯದೆಂದು ಉಳಿದದ್ದು ಅಷ್ಟೇ. ಅದನ್ನು ಭಾಬಿಗೆ ಕೇಳಿಸಬಹುದು. ಕೇಳಿಸಿದರೆ ಅವರು ನನಗೆ ದುವಾ ಕೊಡುತ್ತಾರೆ. ನಿಜ ಹೇಳದೆ ಆ ದುವಾ ತೆಗೆದುಕೊಂಡರೆ ಅದು ಎರಡನೇ ಕಳ್ಳತನ. ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೀಗೆ ಒಬ್ಬ ಹೆಂಗಸಿಗೆ ಸೇರಬೇಕಾದ ಗಂಡನ ಉಸಿರನ್ನು ವರ್ಷಗಟ್ಟಲೆ ನಾನೇ ಬಚ್ಚಿಟ್ಟುಕೊಂಡು ಕೂತಿದ್ದೇನೆ. ಈ ವಾಕ್ಯ ಬರೆಯುವಾಗಲೂ ಮೈ ಉಜ್ಜಿ ತೊಳೆದುಕೊಳ್ಳಬೇಕೆನಿಸುತ್ತದೆ.

ಪಕ್ಕದ ಮನೆಗೆ ಈಗ ಬೀಗ. ಭಾಬಿ ಸುಲೇಪೇಟದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಮಂದವಾಗುತ್ತಿದೆಯಂತೆ. ತಡಮಾಡಿದರೆ ಕೇಳಿಸಿದರೂ ಕೇಳಿಸದ ಕಾಲ ಬರುತ್ತದೆ. ಬಸ್ಸುಗಳಿವೆ, ನನಗೆ ಕಾಲುಗಳೂ ಇವೆ. ಆದರೂ ನಾನು ಹೋಗುವ ಬದಲು ಕೂತು ಇದನ್ನು ಬರೆದೆ. ಅವರು ಉರ್ದು ನಾಲ್ಕಕ್ಷರ ಓದಿದವರು. ಕನ್ನಡ ಆಡುತ್ತಾರೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇಷ್ಟು ಧೈರ್ಯವಾಗಿ ಬರೆದೆನೇನೋ. ನಾನು ತಪ್ಪಾಯಿತು ಎನ್ನದೆ ಉಳಿದದ್ದು ಯಾರಿಗೆ ಎಂದು ಕೇಳಿದರೆ, ಭಾಯಿಗೆ ಎಂದು ಹೇಳಿ ತಪ್ಪಿಸಿಕೊಳ್ಳುವುದು ಸುಲಭ. ಸತ್ತವರು ಉತ್ತರ ಕೊಡುವುದಿಲ್ಲ. ಆ ಮಾತು ಸಲ್ಲಬೇಕಾದದ್ದು ಬದುಕಿ ಕೂತವರಿಗೆ, ಇದನ್ನು ಓದಲಾರದವರಿಗೆ, ನನ್ನ ಭಾಬಿಗೆ.